ಧ್ರುವಗಳ ಹಾವಸೆಯಲ್ಲಿರುವ ಲೋಹದ ಲೆಕ್ಕ ಜನರ ಮುಂದಿಡಿ

ಮಾನ್ಯ ಸಂಪಾದಕರೆ,

ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಬಂಡೆನೆಲದಲ್ಲಿ 1989ರಿಂದ ನಡೆಯುತ್ತಿರುವ ನಮ್ಮ ‘ಮೈತ್ರಿ’ ನಿಲ್ದಾಣ ಹಳತಾಗಿದೆ. ಅದರ ಆಸುಪಾಸಿನಲ್ಲೇ ಹೊಸ ನಿಲ್ದಾಣ ಕಟ್ಟುವ ಯೋಜನೆ ಕೇಂದ್ರ ಸರ್ಕಾರದ ಮುಂದಿದೆ. ನಿಲ್ದಾಣ ಕಟ್ಟುವುದೆಂದರೆ ಯಂತ್ರಗಳು, ವಾಹನಗಳು, ಡೀಸೆಲ್ ಜನರೇಟರ್‌ಗಳು, ಬಣ್ಣ, ಬ್ಯಾಟರಿ, ತಂತಿ ಎಲ್ಲವೂ ಅಲ್ಲಿಗೆ ಹೋಗಲೇಬೇಕು. ಅವು ಹೋಗುವ ಮುನ್ನವೇ ಅಲ್ಲಿನ ಬಂಡೆಗಳ ಮೇಲೆ ಬೆಳೆದಿರುವ ಹಾವಸೆ (ಮಾಸ್) ಮತ್ತು ಕಲ್ಲುಹೂವು (ಲೈಕನ್)ಗಳಲ್ಲಿ ಈಗ ಎಷ್ಟು ಸೀಸ, ಸತು, ತಾಮ್ರ, ಕ್ಯಾಡ್ಮಿಯಂ, ಪಾದರಸ ಇದೆಯೆಂಬುದನ್ನು ಕ್ರಮಬದ್ಧವಾಗಿ ಅಳೆದು, ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಧ್ರುವ ಪ್ರದೇಶದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಯಂತ್ರಗಳನ್ನು ನೂರಾರು ಕಡೆ ನಿಲ್ಲಿಸಿ ವರ್ಷವಿಡೀ ನಡೆಸುವುದು ಆಗದ ಮಾತು. ಅಲ್ಲಿ ವಿದ್ಯುತ್ತಿಲ್ಲ, ಕೆಟ್ಟರೆ ನೋಡುವವರಿಲ್ಲ, ಹಿಮಗಾಳಿಯ ಹೊಡೆತವೂ ತಪ್ಪಿದ್ದಲ್ಲ. ಆದರೆ ಹಾವಸೆ ತಾನಾಗಿಯೇ ಅಲ್ಲಿ ಬೆಳೆದು ನಿಂತಿದೆ. ಅದಕ್ಕೆ ನಿಜವಾದ ಬೇರಿಲ್ಲ; ಬೇರೆ ಗಿಡಗಳ ಎಲೆಯನ್ನು ಕಾಯುವ ಮೇಣದ ದಪ್ಪ ಪೊರೆಯೂ ಇಲ್ಲ. ತನಗೆ ಬೇಕಾದ ನೀರು ಮತ್ತು ಪೋಷಕಾಂಶಗಳನ್ನು ಬಹುಪಾಲು ಮಳೆ, ಹಿಮ, ಧೂಳುಗಳಿಂದಲೇ ಎಲೆಯ ಮೈಯಿಂದ ಹೀರಿಕೊಳ್ಳುವುದರಿಂದ, ಗಾಳಿಯಲ್ಲಿ ಬಂದ ಲೋಹವೂ ಅದರೊಳಗೆ ಸೇರಿ ಉಳಿದುಬಿಡುತ್ತದೆ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಕಲ್ಲುಹೂವು ಕಟ್ಟುನಿಟ್ಟಾಗಿ ಹೇಳಿದರೆ ಸಸ್ಯವಲ್ಲವಾದರೂ ಈ ವಿಷಯದಲ್ಲಿ ಅದರ ಸ್ವಭಾವವೂ ಇದೇ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಓಕೆ ರ‍್ಯೂಲಿಂಗ್ ಮತ್ತು ಗೆರ್ಮುಂಡ್ ಟ್ಯೂಲರ್ ಎಂಬ ವಿಜ್ಞಾನಿಗಳು ಇದನ್ನೇ ಅಳತೆಯ ವಿಧಾನವಾಗಿ ರೂಪಿಸಿದರು. 1990ರಿಂದ ಯುರೋಪಿನ ಹಲವು ದೇಶಗಳು ಒಟ್ಟಾಗಿ ಐದು ವರ್ಷಕ್ಕೊಮ್ಮೆ ಹಾವಸೆಯ ಸಮೀಕ್ಷೆ ನಡೆಸುತ್ತ ಬಂದಿವೆ. ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತ ಮೇಲೆ ಗಾಳಿಯ ಸೀಸ ಎಷ್ಟು ಇಳಿಯಿತೆಂಬುದು ಅಲ್ಲಿನ ಕಾಡುಗಳ ನೆಲದ ಹಾವಸೆಯಲ್ಲೇ ದಾಖಲಾಯಿತು.

ಈ ಕೆಲಸ ಸುಲಭವೆನಿಸಿದರೂ ಕೈಯಲ್ಲಿ ಶಿಸ್ತು ಬೇಕು. ಉತ್ತರದ ಕಾಡು ಮತ್ತು ಟಂಡ್ರಾಗಳಲ್ಲಿ ಹೆಚ್ಚಾಗಿ ಬಳಸುವ ಹೈಲೋಕೋಮಿಯಂ ಸ್ಪ್ಲೆಂಡೆನ್ಸ್ ಎಂಬ ಹಾವಸೆಯಲ್ಲಿ ಪ್ರತಿ ವರ್ಷ ಹಿಂದಿನ ವರ್ಷದ ಎಸಳಿನ ನಡುವಿನಿಂದ ಹೊಸ ಎಸಳೊಂದು ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಕೈಗವಸು ತೊಟ್ಟು, ರಸ್ತೆ ಮತ್ತು ಮನೆಗಳಿಂದ ದೂರ ಸರಿದು, ಒಂದೇ ಜಾಗದ ಸುತ್ತಮುತ್ತ ಹಲವು ಕಡೆ ಕಿತ್ತ ಎಸಳುಗಳನ್ನು ಒಟ್ಟು ಸೇರಿಸುತ್ತಾರೆ. ಕಸ ಆರಿಸಿ, ಕೆಳಗಿನ ಕಂದು ಭಾಗವನ್ನು ಬಿಟ್ಟು, ಇತ್ತೀಚಿನ ಮೂರು ವರ್ಷಗಳ ಬೆಳವಣಿಗೆಯನ್ನು ಮಾತ್ರ ಒಣಗಿಸಿ, ಆಮ್ಲದಲ್ಲಿ ಕರಗಿಸಿ ಪರೀಕ್ಷಿಸುತ್ತಾರೆ. ಮಾದರಿ ಸಂಗ್ರಹಿಸುವವರು ಆ ಹೊತ್ತಿನಲ್ಲಿ ಸಿಗರೇಟು ಸೇದುವಂತೆಯೂ ಇಲ್ಲ. ಹೊಗೆಯಲ್ಲಿರುವ ಕ್ಯಾಡ್ಮಿಯಂ ಫಲಿತಾಂಶವನ್ನೇ ಕೆಡಿಸಬಲ್ಲದು. ಹೀಗೆ ಮಾಡಿದಾಗ ಸಿಗುವ ಅಂಕಿ ಆ ಮೂರು ವರ್ಷಗಳಲ್ಲಿ ಗಾಳಿಯಿಂದ ಬಿದ್ದ ಲೋಹವನ್ನು ಸೂಚಿಸುತ್ತದೆ.

ಇಂಥ ಅಳತೆಯಿಂದ ಆಗುವ ಪ್ರಯೋಜನಕ್ಕೆ ಅಲಾಸ್ಕಾದ ರೆಡ್ ಡಾಗ್ ಗಣಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಆರ್ಕ್ಟಿಕ್ ವೃತ್ತದ ಉತ್ತರಕ್ಕಿರುವ ಈ ಗಣಿಯಿಂದ ಸತು ಮತ್ತು ಸೀಸದ ಅದಿರಿನ ಪುಡಿಯನ್ನು ಸುಮಾರು 84 ಕಿ.ಮೀ. ದೂರದ ಬಂದರಿಗೆ ಲಾರಿಗಳಲ್ಲಿ ಸಾಗಿಸುತ್ತಾರೆ. ಆ ರಸ್ತೆ ಕೇಪ್ ಕ್ರೂಸೆನ್‌ಸ್ಟರ್ನ್ ಎಂಬ ಸಂರಕ್ಷಿತ ಪ್ರದೇಶವನ್ನು ಹಾದುಹೋಗುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಅಧ್ಯಯನದಲ್ಲಿ ರಸ್ತೆಯಂಚಿನ ಹಾವಸೆಯ ಪ್ರತಿ ಕಿಲೋ ಒಣತೂಕದಲ್ಲಿ 400 ಮಿಲಿಗ್ರಾಂಗೂ ಮಿಕ್ಕಿದ ಸೀಸ ಕಂಡುಬಂದಿತ್ತು. ಮಧ್ಯ ಯುರೋಪಿನ ತೀವ್ರ ಮಲಿನ ಪ್ರದೇಶಗಳ ಹಾವಸೆಯಲ್ಲೂ ಅಷ್ಟು ದಾಖಲಾಗಿರಲಿಲ್ಲ. ರಸ್ತೆಯಿಂದ ದೂರ ಹೋದಂತೆಲ್ಲ ಪ್ರಮಾಣ ಇಳಿಯುತ್ತಿದ್ದುದರಿಂದ ಲೋಹ ಎಲ್ಲಿಂದ ಬಂತೆಂಬ ಬಗ್ಗೆ ವಾದಕ್ಕೆ ಎಡೆ ಉಳಿಯಲಿಲ್ಲ. ಲಾರಿಗಳ ಮೇಲಿನ ಟಾರ್ಪಾಲಿನ ಜಾಗಕ್ಕೆ ಭದ್ರವಾಗಿ ಮುಚ್ಚುವ ಗಟ್ಟಿ ಮುಚ್ಚಳಗಳು ಬಂದವು; 2006ರಲ್ಲಿ ಮತ್ತೆ ಮಾದರಿ ತೆಗೆದಾಗ ಲೋಹದ ಪ್ರಮಾಣ ಕಡಿಮೆಯಾಗಿತ್ತು. ಯಾರೂ ವಾಸಿಸದ ಬಯಲಿನಲ್ಲಿ ನಡೆಯುತ್ತಿದ್ದ ಸೋರಿಕೆ ಈ ಹಾವಸೆಯಿಂದಾಗಿ ಅಂಕಿಸಂಖ್ಯೆಗಳ ಸಮೇತ ಬೆಳಕಿಗೆ ಬಂತು.

ಕಾಡುಸಸ್ಯ ಕೊಡುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುತ್ತಿಲ್ಲ. ಬೇರಿರುವ ಗಿಡಗಳ ಕತೆ ಬೇರೆ. ಆರ್ಕ್ಟಿಕ್‌ನ ಕುಳ್ಳ ವಿಲ್ಲೋ ಗಿಡಗಳು ಮಣ್ಣಿನಿಂದಲೇ ಕ್ಯಾಡ್ಮಿಯಂ ಮತ್ತು ಸತುವನ್ನು ಧಾರಾಳವಾಗಿ ಹೀರುವುದರಿಂದ, ಅವುಗಳ ಎಲೆಯಲ್ಲಿ ಲೋಹ ಕಂಡೊಡನೆ ಕಾರ್ಖಾನೆಯತ್ತ ಬೆರಳು ತೋರಿಸಲಾಗದು. ಕಡಲಹಕ್ಕಿಗಳ ಹಿಕ್ಕೆ ಬಿದ್ದ ಜಾಗದಲ್ಲಿ ಕಡಲಿನ ಲೋಹ ನೆಲಕ್ಕೆ ಬಂದು ಸೇರುತ್ತದೆ. ಬರಡು ಬಂಡೆಯ ನಾಡಿನಲ್ಲಿ ಮಣ್ಣಿನ ಧೂಳೂ ಹಾವಸೆಗೆ ಅಂಟುತ್ತದೆ. ಅದರ ಪಾಲನ್ನು ಕಳೆಯಲು ಮಣ್ಣಿನ ಗುರುತಾದ ಅಲ್ಯೂಮಿನಿಯಂ ಅಥವಾ ಟೈಟೇನಿಯಂ ಪ್ರಮಾಣವನ್ನೂ ಜೊತೆಯಲ್ಲೇ ಅಳೆಯಬೇಕು. ರಷ್ಯಾದ ಕೋಲಾ ಪರ್ಯಾಯ ದ್ವೀಪದ ಮೊಂಚೆಗೋರ್ಸ್ಕ್‌ನಲ್ಲಿ ನಿಕಲ್ ಮತ್ತು ತಾಮ್ರ ಕರಗಿಸುತ್ತಿದ್ದ ಕಾರ್ಖಾನೆಯ ಸುತ್ತ ಹಾವಸೆ ಮತ್ತು ಕಲ್ಲುಹೂವು ಅಳಿದು ಬರಡಾಗಿರುವ ನೆಲವಿದೆ. ಅಂಥಲ್ಲಿ ಬದುಕುಳಿದ ಕ್ರೋಬೆರಿಯಂಥ ಪೊದೆಗಳ ಎಲೆಯನ್ನೇ ಅಳೆಯಬೇಕಾಗುತ್ತದೆ. ಯಾವ ಸಸ್ಯ, ಯಾವ ಭಾಗ, ಯಾವ ಜಾಗ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ತಂದ ಅಂಕಿಗಳಿಗೆ ಬೆಲೆಯಿಲ್ಲ.

ಇದು ಗಿಡಗಳಲ್ಲೇ ನಿಲ್ಲುವ ವಿಷಯವೂ ಅಲ್ಲ. ಉತ್ತರದ ಹಿಮಸಾರಂಗಗಳಿಗೆ ಚಳಿಗಾಲದ ಮುಖ್ಯ ಆಹಾರ ಕಲ್ಲುಹೂವು. ಸಾರಂಗದ ಮಾಂಸ ಅಲ್ಲಿನ ಸಾಮಿ ಜನರ ಊಟ. 1986ರ ಚೆರ್ನೋಬಿಲ್ ಸ್ಫೋಟದ ನಂತರ ಗಾಳಿಯಲ್ಲಿ ಬಂದ ವಿಕಿರಣಶೀಲ ಸೀಸಿಯಂ ಕಲ್ಲುಹೂವಿನಿಂದ ಸಾರಂಗಕ್ಕೆ ದಾಟಿ, ಸ್ಕ್ಯಾಂಡಿನೇವಿಯದಲ್ಲಿ ಅಪಾರ ಪ್ರಮಾಣದ ಮಾಂಸವನ್ನು ಎಸೆಯಬೇಕಾಗಿ ಬಂದಿತ್ತು. ಪಾದರಸದ ವಿಷಯದಲ್ಲಂತೂ ಟಂಡ್ರಾದ ಸಸ್ಯಗಳು ಗಾಳಿಯಲ್ಲಿರುವ ಅದರ ಆವಿಯನ್ನೇ ಹೀರಿ ಮಣ್ಣಿಗೆ ಸೇರಿಸುತ್ತವೆ. ದೂರದ ಖಂಡಗಳಲ್ಲಿ ಕಲ್ಲಿದ್ದಲು ಉರಿಸಿದಾಗ ಹೊರಟ ಪಾದರಸ ತಲುಪುವ ಜಾಗಗಳಲ್ಲಿ ಆರ್ಕ್ಟಿಕ್ ಕೂಡ ಒಂದು. ಹಾಗಾಗಿ ಅಲ್ಲಿನ ಲೆಕ್ಕದಲ್ಲಿ ನಮ್ಮ ಪಾಲೂ ಇದೆ, ಅದನ್ನು ಅಳೆಯುವ ಹೊಣೆಯೂ ನಮ್ಮದು.

ಭಾರತಕ್ಕೆ ಇದಕ್ಕೆ ಬೇಕಾದ ನೆಲೆಗಳಿವೆ. ಅಂಟಾರ್ಕ್ಟಿಕದಲ್ಲಿ ಮೈತ್ರಿಯ ಜೊತೆಗೆ 2012ರಿಂದ ‘ಭಾರತಿ’ ಇದೆ. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ‘ಹಿಮಾದ್ರಿ’ ಇದೆ. ನ್ಯೂ ಓಲೆಸುಂಡ್ ಒಂದು ಕಾಲದ ಕಲ್ಲಿದ್ದಲು ಗಣಿಯ ಊರು. 1962ರ ದುರಂತದಲ್ಲಿ 21 ಮಂದಿ ಸತ್ತ ಬಳಿಕ ಅಲ್ಲಿ ಗಣಿಗಾರಿಕೆ ನಿಂತಿತು. ಹಳೆಯ ಗಣಿಯ ಪಕ್ಕದಲ್ಲೇ ಸ್ವಚ್ಛ ಟಂಡ್ರಾ ಇರುವ ಇಂಥ ಜಾಗದಲ್ಲಿ ಎರಡನ್ನೂ ಹೋಲಿಸಿ ನೋಡುವುದು ನಮ್ಮ ವಿಜ್ಞಾನಿಗಳಿಗೆ ಕಷ್ಟವಾಗಬಾರದು.

ಅಂಟಾರ್ಕ್ಟಿಕದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಆ ಇಡೀ ಖಂಡಕ್ಕೆ ಸ್ಥಳೀಯವಾದ ಹೂಬಿಡುವ ಸಸ್ಯಗಳು ಎರಡೇ, ಅವೂ ಶಿರ್ಮಾಕರ್‌ನಲ್ಲಿ ಇಲ್ಲ. ಅಲ್ಲಿರುವ ಹಾವಸೆ, ಕಲ್ಲುಹೂವುಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಬೆಳೆಯುವುದರಿಂದ, ಯುರೋಪಿನ ಕಾಡಿನಲ್ಲಿ ಕಿತ್ತಷ್ಟು ಇಲ್ಲಿ ಕಿತ್ತರೆ ನಾವೇ ಹಾನಿ ಮಾಡಿದಂತಾಗುತ್ತದೆ. ಗ್ರಾಂ ಲೆಕ್ಕದ ಸಣ್ಣ ಮಾದರಿಗಳು ಸಾಕು. ಅವನ್ನು ಪರವಾನಗಿ ಪಡೆದು, ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ತೆಗೆಯಬೇಕು. ಅಂಟಾರ್ಕ್ಟಿಕದ ಪರಿಸರ ರಕ್ಷಣೆಗಾಗಿ 1991ರಲ್ಲಿ ಸಹಿಯಾದ ಮ್ಯಾಡ್ರಿಡ್ ಒಡಂಬಡಿಕೆಯ ಪ್ರಕಾರ ಇಂಥ ದೊಡ್ಡ ಕಾಮಗಾರಿಗೆ ಮುನ್ನ ಪರಿಸರದ ಆರಂಭಿಕ ಸ್ಥಿತಿಯನ್ನು ದಾಖಲಿಸಬೇಕು, ಕೆಲಸ ಶುರುವಾದ ಮೇಲೆ ಪರಿಣಾಮದ ಮೇಲೆ ಕಣ್ಣಿಡಬೇಕು. ನಮ್ಮದೇ 2022ರ ಅಂಟಾರ್ಕ್ಟಿಕ್ ಕಾಯ್ದೆಯ ಉದ್ದೇಶವೂ ಅಲ್ಲಿನ ಪರಿಸರದ ರಕ್ಷಣೆಯೇ.

ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ನಿಲ್ದಾಣದ ಜಾಗ, ಹಳೆಯ ಮೈತ್ರಿಯ ಜನರೇಟರ್ ಮನೆಯ ಗಾಳಿಪಥ ಮತ್ತು ಎರಡರಿಂದಲೂ ದೂರದ ಒಂದು ಕಡೆ ಗುರುತುಹಾಕಿದ ಶಾಶ್ವತ ಜಾಗಗಳಿರಲಿ. ಮೊದಲ ಮಾದರಿ ಅಡಿಪಾಯಕ್ಕೆ ಮುನ್ನವೇ ಬರಲಿ, ಆಮೇಲಿನವು ಗೊತ್ತುಪಡಿಸಿದ ಅಂತರದಲ್ಲಿ ಬರಲಿ. ಎಲ್ಲವನ್ನೂ ಒಂದೇ ವಿಧಾನದಲ್ಲಿ ಪರೀಕ್ಷಿಸಿ, ಪ್ರತಿ ಸಲದ ಅಂಕಿಗಳನ್ನು ಸರಾಸರಿಯಾಗಿ ಅಲ್ಲ, ಜಾಗವಾರು ಕೇಂದ್ರದ ಜಾಲತಾಣದಲ್ಲಿ ಹಾಕಲಿ. ಹಳೆಯ ಮೈತ್ರಿಯನ್ನು ಕಳಚುವ ಕಾಲ ಬಂದಾಗ ಅದರ ಸುತ್ತಲ ಹಾವಸೆಯಲ್ಲಿ ಸೀಸ, ಸತುಗಳ ಪ್ರಮಾಣ ದೂರದ ಜಾಗದ ಮಟ್ಟಕ್ಕೆ ಇಳಿಯುವವರೆಗೂ ಈ ಮಾದರಿ ಸಂಗ್ರಹ ನಿಲ್ಲಬಾರದು.

ಇತಿ,
ತಮ್ಮ ವಿಶ್ವಾಸದ ಓದುಗರೊಬ್ಬರು