ಬಿಳಿ ಬೆಕ್ಕು ಬೂದು ಬೆಕ್ಕಾದ ಕತೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹದಿನೇಳು ಫೋಟೋಗಳನ್ನೂ ನೋಡಿದೆ. ಕ್ಯಾಮೆರಾ ಕೆಟ್ಟಿಲ್ಲ, ಅದನ್ನು ವಾಪಸ್ ಕೊಡುವ ಯೋಚನೆ ಬಿಡು. ಬಿಳಿ ಗೋಡೆಯ ಮುಂದೆ ಕೂತ ಬಿಳಿ ಬೆಕ್ಕು ಒಲೆಗೂಡಿನಿಂದ ಎದ್ದು ಬಂದ ಹಾಗೆ ಕಾಣುತ್ತಿದೆ ಅಂತ ಬೈದಿದ್ದೀಯಲ್ಲ, ಅದಕ್ಕೊಂದು ಕಾರಣವಿದೆ.

ಕ್ಯಾಮೆರಾದ ಒಳಗಿರುವ ಬೆಳಕಿನ ಮೀಟರ್‌ಗೆ ಎದುರಿಗಿರುವುದು ಹಿಮವೋ ಕಲ್ಲಿದ್ದಲೋ ತಿಳಿಯದು. ಯಾವುದನ್ನು ತೋರಿಸಿದರೂ ಅದರ ಸರಾಸರಿ ನಡುಬೂದು ಅಂತಲೇ ಅದರ ನಂಬಿಕೆ. ಫೋಟೋಗ್ರಾಫರುಗಳು ಅಳತೆಗೆ ಹಿಡಿಯುವ ಬೂದು ಕಾರ್ಡ್ ಇದೆಯಲ್ಲ, ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಮರಳಿಸುವಂಥದ್ದು, ಹೆಚ್ಚುಕಡಿಮೆ ಆ ಬಣ್ಣ. ಹಾಗಾಗಿ ಬೆಳ್ಳಗಿರುವುದನ್ನು ಕಂಡರೆ ‘ಬೆಳಕು ಜಾಸ್ತಿಯಾಯಿತು’ ಅಂತ ತಗ್ಗಿಸುತ್ತದೆ, ಕಪ್ಪು ನಾಯಿಯನ್ನು ಕಂಡರೆ ‘ಕತ್ತಲಾಯಿತು’ ಅಂತ ಏರಿಸುತ್ತದೆ. ಈಗಿನ ಕ್ಯಾಮೆರಾಗಳು ಒಂಚೂರು ಜಾಣವಾಗಿವೆ, ಆದರೂ ಬಿಳಿಯ ಮುಂದೆ ಬಿಳಿ ಬಂದರೆ ಎಡವುತ್ತವೆ. ಪ್ಲಸ್ ಮೈನಸ್ ಗುರುತಿನ ಬಟನ್ ಇದೆಯಲ್ಲ, ಬೆಕ್ಕಿಗೆ ಅದರಲ್ಲಿ ಪ್ಲಸ್ 1 ಕೊಡು. ಕಪ್ಪು ನಾಯಿಗೆ ಮೈನಸ್ 1. ಮೊದಮೊದಲು ಇದು ತಿರುಗಾಮುರುಗಾ ಅನ್ನಿಸುತ್ತದೆ, ನನಗೂ ಹಾಗೇ ಆಗಿತ್ತು.

ಆ ‘1’ ಅಂದರೆ ಒಂದು ಸ್ಟಾಪ್: ಪ್ಲಸ್ ಆದರೆ ಬೆಳಕು ಎರಡರಷ್ಟು, ಮೈನಸ್ ಆದರೆ ಅರ್ಧ. ಶಟರ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) ಲೆಕ್ಕ ಸುಲಭ: 1/125 ಸೆಕೆಂಡಿಗಿಂತ 1/250 ಅರ್ಧ ಬೆಳಕು, ಐಎಸ್‌ಒ 200ಕ್ಕಿಂತ 400 ಎರಡು ಪಟ್ಟು ಹೊಳಪು. ತಲೆ ಕೆಡಿಸುವುದು ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ. 2.8, 4, 5.6, 8, 11, 16, ಯಾವ ಮಗ್ಗಿಗೂ ಸೇರದ ಸಂಖ್ಯೆಗಳು. ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಉದ್ದವನ್ನು ಕಿಂಡಿಯ ಅಡ್ಡಳತೆಯಿಂದ ಭಾಗಿಸಿದರೆ ಬರುವುದು ಈ ಸಂಖ್ಯೆ. ಅದಕ್ಕೇ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಅಡ್ಡಳತೆ ಸುಮಾರು 1.4 ಪಟ್ಟು ಕುಗ್ಗಿದರೆ ಕಿಂಡಿಯ ವಿಸ್ತೀರ್ಣ ಅರ್ಧವಾಗುತ್ತದೆ, ಹಾಗಾಗಿ ಪ್ರತಿ ಮೆಟ್ಟಿಲೂ 1.4 ಪಟ್ಟು. ಇದು ಹೊಳೆದ ದಿನ ನಾನು ಬಾಯಿಪಾಠ ಮಾಡುವುದನ್ನು ನಿಲ್ಲಿಸಿದೆ.

ಈಗ ನೋಡು. ಅಪರ್ಚರ್ ಎಫ್ 8ರಲ್ಲಿ ಶಟರ್ 1/125, ಎಫ್ 4ರಲ್ಲಿ 1/500: ಒಳಗೆ ಬರುವ ಬೆಳಕು ಒಂದೇ, ಚಿತ್ರ ಮಾತ್ರ ಬೇರೆ ಬೇರೆ. ಮೊದಲನೆಯದರಲ್ಲಿ ಹಿಂದಿನ ಬೇಲಿ, ಗಿಡ, ಬಕೆಟ್ಟು ಎಲ್ಲ ಹೆಚ್ಚು ಸ್ಪಷ್ಟ. ಎರಡನೆಯದರಲ್ಲಿ ಅವು ಕರಗುತ್ತವೆ, ಓಡುವ ಮಗು ಗಾಳಿಯಲ್ಲೇ ನಿಂತುಬಿಡುತ್ತದೆ. ಯಾವುದು ಸರಿ ಅಂತ ಮೀಟರ್ ಹೇಳುವುದಿಲ್ಲ. ‘ಎಕ್ಸ್‌ಪೋಶರ್ ಮೊದಲು ಕಲಿಯಲೋ, ಕಂಪೋಸಿಷನ್ ಮೊದಲೋ’ ಅಂತ ಕೇಳಿದ್ದೀಯ, ಅಂದರೆ ಎಷ್ಟು ಬೆಳಕು ಬಿಡಬೇಕು ಅನ್ನುವುದೋ, ಚೌಕಟ್ಟಿನಲ್ಲಿ ಏನನ್ನು ಎಲ್ಲಿಡಬೇಕು ಅನ್ನುವುದೋ. ನನಗೇನೋ ಅವೆರಡೂ ಬೇರೆ ಪಾಠ ಅನ್ನಿಸುವುದೇ ಇಲ್ಲ. 1838ರಲ್ಲಿ, ಫೋಟೋಗ್ರಫಿಯನ್ನು ಹುಟ್ಟುಹಾಕಿದವರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್‌ನ ಬುಲೆವಾರ್ಡ್ ದು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಗಿಜಿಗುಟ್ಟುವ ಬೀದಿ ಅದು. ಆದರೆ ಎಕ್ಸ್‌ಪೋಶರ್‌ಗೆ ಹಲವು ನಿಮಿಷ ಹಿಡಿದದ್ದರಿಂದ ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದು ಕಡೆ ನಿಂತಿದ್ದ ಒಬ್ಬ ಮಾತ್ರ ಎದ್ದು ಕಾಣುತ್ತಾನೆ. ಅವನನ್ನು ಚೌಕಟ್ಟಿನಲ್ಲಿ ಒಂಟಿ ಮಾಡಿದ್ದು ಎಕ್ಸ್‌ಪೋಶರ್ ತಾನೇ?

ನಿನ್ನ ಹನ್ನೊಂದನೆಯ ಫೋಟೋದಲ್ಲೂ ಆದದ್ದು ಅದೇ. ಕಿಟಕಿ ಪಕ್ಕ ಕೂತ ತಂಗಿ, ಕೆನ್ನೆಯ ಒಂದು ಭಾಗದ ಮೇಲಷ್ಟೇ ಬೆಳಕು, ಉಳಿದ ಕೋಣೆಯೆಲ್ಲ ಕಪ್ಪು. ‘ಹಾಳಾಗಿದೆ, ನೋಡಬೇಡ’ ಅಂತ ಬರೆದಿದ್ದೀಯ. ಮಾರಾಯಾ, ಹದಿನೇಳರಲ್ಲಿ ನಾನು ಮತ್ತೆ ಮತ್ತೆ ತೆರೆದದ್ದು ಅದೊಂದನ್ನೇ! ಹನ್ನೆರಡನೆಯದರಲ್ಲಿ ಕೋಣೆ ಕಾಣಲಿ ಅಂತ ಬೆಳಕು ಏರಿಸಿದೆ ನೋಡು, ಮಂಚ, ಮಡಚದ ಬಟ್ಟೆ, ಚಾರ್ಜರ್ ವೈರು ಎಲ್ಲ ಎದ್ದು ಬಂದು ಕೂತವು. ಕಿಟಕಿಯೂ ಕೆನ್ನೆಯೂ ಸುಣ್ಣ ಬಳಿದ ಹಾಗೆ ಆದವು. ಕ್ಯಾಮೆರಾ ತಿದ್ದದೆ ಇಟ್ಟುಕೊಳ್ಳುವ ಕಚ್ಚಾ ಚಿತ್ರ, ಅಂದರೆ ರಾ ಫೈಲಿನಲ್ಲಿ ನೆರಳನ್ನು ಒಂದಷ್ಟು ಮೇಲೆತ್ತಬಹುದು, ಪೂರ್ತಿ ಬೆಳ್ಳಗಾಗಿ ಹೋದ ಜಾಗದಲ್ಲಿ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ.

ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಮೂರು ಭಾಗ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯವಾದದ್ದನ್ನು ಇಡುವ ಮೂರರಲ್ಲೊಂದರ ನಿಯಮದ ಬಗ್ಗೆ ಹೆಚ್ಚು ಹೇಳಲಾರೆ. ಅಜ್ಜಿಯನ್ನು ಸರಿಯಾಗಿ ಗೆರೆಗಳು ಕೂಡುವ ಜಾಗದಲ್ಲೇ ಕೂರಿಸಿದ್ದೀಯ, ಆದರೆ ಹಿಂದಿನ ದೀಪದ ಕಂಬ ಅವರ ನೆತ್ತಿಯಿಂದಲೇ ಹುಟ್ಟಿಬಂದಿದೆ. ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಸಾಕಿತ್ತು. ಬಟನ್ ಒತ್ತುವ ಮುಂಚೆ ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಒಮ್ಮೆ ಕಣ್ಣಾಡಿಸು. ನಾವು ಮುಖವನ್ನೇ ನೋಡುತ್ತಿರುತ್ತೇವೆ, ಅಂಚಿನಿಂದ ಯಾರದೋ ಮೊಣಕೈ ಇಣುಕುತ್ತಿರುತ್ತದೆ.

‘ಮ್ಯಾನುಯಲ್ ಮೋಡ್‌ನಲ್ಲಿ (ಎಲ್ಲವನ್ನೂ ಕೈಯಿಂದಲೇ ಹೊಂದಿಸಿ) ತೆಗೆಯದವನು ಫೋಟೋಗ್ರಾಫರ್ರೇ ಅಲ್ಲ’ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಸದ್ಯಕ್ಕೆ ಅಪರ್ಚರ್ ಪ್ರಯಾರಿಟಿಯಲ್ಲಿಟ್ಟು (ಅಪರ್ಚರ್ ನೀನು ಆರಿಸು, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ) ಪ್ಲಸ್ ಮೈನಸ್ ಮಾತ್ರ ತಿರುಗಿಸು. ಹಾಂ, ಐಎಸ್‌ಒ ಎಷ್ಟಿದೆ ಅಂತ ದಿನಾ ನೋಡಿಕೋ. ರಾತ್ರಿ 6400ಕ್ಕೆ ಏರಿಸಿದ್ದನ್ನು ಮರೆತು, ಮರುದಿನ ಬೆಳಗೆಲ್ಲಾ ಹಕ್ಕಿಗಳ ಹಿಂದೆ ಅಲೆದವನು ನಾನು. ಐಎಸ್‌ಒ ಏರಿದರೆ ಚಿತ್ರದಲ್ಲಿ ಚುಕ್ಕೆಚುಕ್ಕೆ ಕಾಣುತ್ತದೆ, ಒಂದೊಂದು ಹಕ್ಕಿಯೂ ಮರಳಿನಲ್ಲಿ ಮಾಡಿದ ಹಾಗಿತ್ತು.

ನಾಳೆ ಅದೇ ಕಿಟಕಿಗೆ ಹೋಗು. ತಂಗಿ ಒಪ್ಪದಿದ್ದರೆ ಬೆಕ್ಕನ್ನೇ ಕೂರಿಸು. ಸೊನ್ನೆ, ಮೈನಸ್ 1, ಮೈನಸ್ 2, ಮೂರೇ ಮೂರು ತೆಗೆದು ಕಳಿಸು. ಡಿಲೀಟ್ ಮಾತ್ರ ಮಾಡಬೇಡ.

ನಿನ್ನ ಗೆಳೆಯ