ಭಾನುವಾರದ ಚರ್ಚೆ: ದಯವಿಟ್ಟು ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 7ರಿಂದ 8:30ರವರೆಗೆ ಇದೇ ಗುಂಪಿನಲ್ಲಿ ಚರ್ಚೆ ಇದೆ. ವಿಷಯ: ಬೇರೆಯವರ ಬರಹ, ಚಿತ್ರ, ಕೋಡ್ ಬಳಸಿ ಕಂಪನಿಗಳು ಎಐ ತಯಾರಿಸುವುದು ಸರಿಯೇ?

ಕಳೆದ ವಾರದ್ದು ನನಗೆ ಬೇಜಾರಾಯಿತು. ಯಾವುದೋ ಆ್ಯಪ್‌ನ ಷರತ್ತುಗಳ ಸ್ಕ್ರೀನ್‌ಶಾಟ್ ಬಂದಿತ್ತು. 'ನಿಮ್ಮ ಫೋಟೋಗಳನ್ನು ಬಳಸುತ್ತೇವೆ' ಎಂಬ ಸಾಲಷ್ಟೇ ಕಾಣುತ್ತಿತ್ತು. 'ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ' ಎಂಬ ಕೆಳಗಿನ ಸಾಲು ಕತ್ತರಿಸಿ ಹೋಗಿತ್ತು. ಆ ಅರ್ಧ ಚಿತ್ರ ಹಿಡಿದು ರಾತ್ರಿಯಿಡೀ ಜಗಳ ಆಯಿತು, ಕೊನೆಗೆ ಪಕ್ಷ ರಾಜಕೀಯಕ್ಕೂ ಹೋಯಿತು. ಒಬ್ಬರು ಗುಂಪನ್ನೇ ಬಿಟ್ಟರು. ಅವರನ್ನು ನಾನೇ ಮಾತಾಡಿಸಿ ವಾಪಸ್ ಕರೆಯುತ್ತೇನೆ.

ಹಾಗಾಗಿ ಈ ಸಲ ಸ್ಕ್ರೀನ್‌ಶಾಟ್ ಜೊತೆ ಮೂಲ ಪುಟದ ಲಿಂಕ್ ಹಾಕಿ. ಕಂಪನಿಯನ್ನು ಎಷ್ಟು ಬೇಕಾದರೂ ಟೀಕಿಸಿ, ಸದಸ್ಯರನ್ನು ಬೇಡ.

ಮೊದಲು ಗೂಗಲ್-ಒರಾಕಲ್ ಪ್ರಕರಣ ನೋಡಿಕೊಳ್ಳಿ. ಆಂಡ್ರಾಯ್ಡ್‌ಗಾಗಿ ಗೂಗಲ್ ಜಾವಾದ (ಈಗ ಒರಾಕಲ್ ಕಂಪನಿಯ ಒಡೆತನದಲ್ಲಿರುವ ಪ್ರೋಗ್ರಾಮಿಂಗ್ ಭಾಷೆ) ಸುಮಾರು 11,500 ಸಾಲು ಕೋಡ್ ನಕಲು ಮಾಡಿತ್ತು. 2010ರಲ್ಲಿ ಶುರುವಾದ ಮೊಕದ್ದಮೆಗೆ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2021ರ ಏಪ್ರಿಲ್‌ನಲ್ಲಿ. ಗೂಗಲ್ ಮಾಡಿದ್ದು ನ್ಯಾಯಯುತ ಬಳಕೆ (ಫೇರ್ ಯೂಸ್, ಅಂದರೆ ಅನುಮತಿ ಇಲ್ಲದಿದ್ದರೂ ಕಾನೂನು ಒಪ್ಪುವ ಬಳಕೆ) ಎಂದು 6-2 ಬಹುಮತದಿಂದ ಹೇಳಿತು. ಆದರೆ ಆ ಕೋಡ್‌ಗೆ ಕಾಪಿರೈಟ್ ಇದೆಯೇ ಎಂಬುದನ್ನು ತೀರ್ಮಾನಿಸಲೇ ಇಲ್ಲ! ಜಾಸ್ತಿ ಜನ ಇದನ್ನೇ ಮರೆತು ವಾದ ಮಾಡುತ್ತಾರೆ, ಅಲ್ವಾ? ನಕಲು ತಪ್ಪೇ, ದುಡಿದವರಿಗೆ ಹಣ ಸಿಗಬೇಕೇ ಅನ್ನೋದು ಎರಡು ಬೇರೆ ಪ್ರಶ್ನೆ. ಬೇರೆಯಾಗಿಯೇ ಮಾತಾಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ 'ಬರುತ್ತೇನೆ' ಎಂದು ಇಲ್ಲೇ ಬರೆಯಿರಿ. ಮೊದಲು ಮಾತಾಡಲು ಇಬ್ಬರು ಬೇಕು, ಒಬ್ಬರು ಪರ, ಒಬ್ಬರು ವಿರೋಧ. ಯಾರು ಸಿದ್ಧ?