ಲೇಸರ್ ಹಾಳೆ ಎಂದು ಇಂಕ್‌ಜೆಟ್ ಹಾಳೆ ಕಳಿಸಿದ್ದೀರಿ

ಇಂದ:
ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ನೂರಡಿ ರಸ್ತೆ, ಮಂಡ್ಯ

ಗೆ:
ವ್ಯವಸ್ಥಾಪಕರು, ಪೇಪರ್ ಸಗಟು ಮಳಿಗೆ, ಮೈಸೂರು

ವಿಷಯ: ತಪ್ಪು ಹಾಳೆಯಿಂದ ಪ್ರಿಂಟರ್ ಕೆಟ್ಟಿರುವುದು, ತೇವ ಹಿಡಿದ ರೀಮ್‌ಗಳು (ಹಾಳೆಯ ಕಟ್ಟುಗಳು)

ಮಾನ್ಯರೇ,

ಆರು ವರ್ಷದಿಂದ ನಿಮ್ಮಲ್ಲೇ ಹಾಳೆ ತರಿಸುತ್ತಿದ್ದೇನೆ. ಒಂದು ಸಲವೂ ಬಾಕಿ ಉಳಿಸಿಕೊಂಡವಳಲ್ಲ. ಹಾಗಾಗಿ ಇದನ್ನು ಬರೆಯುವುದಕ್ಕೇ ಬೇಜಾರು.

ಶ್ರಾವಣದ ಮದುವೆಯೊಂದಕ್ಕೆ 300 ಲಗ್ನಪತ್ರಿಕೆ ಒಪ್ಪಿಕೊಂಡಿದ್ದೆ. 170 ಜಿಎಸ್‌ಎಂ (ಚದರ ಮೀಟರಿಗೆ 170 ಗ್ರಾಂ ತೂಗುವ) ಗ್ಲಾಸಿ, ಅಂದರೆ ಹೊಳಪಿನ ಹಾಳೆ ಬೇಕು, ಲೇಸರ್ ಪ್ರಿಂಟರ್‌ಗೆ ಆಗುವಂಥದ್ದೇ ಕಳಿಸಿ ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೆ. ಬಿಲ್ಲಿನಲ್ಲೂ ‘ಲೇಸರ್’ ಅಂತಲೇ ಇದೆ. ಆದರೆ ಬಂದದ್ದು ಕಂಪನಿ ಪ್ಯಾಕ್ ಅಲ್ಲ. ಖಾಕಿ ಕಾಗದ ಸುತ್ತಿ ದಾರ ಕಟ್ಟಿದ ಐವತ್ತೈವತ್ತರ ಬಂಡಲ್. ಒಂದು ಲೇಬಲ್ಲೂ ಇಲ್ಲ. ಬಿಲ್ ನಂಬಿ ಟ್ರೇಗೆ ಹಾಕಿದೆ.

ಮೂರನೇ ಹಾಳೆ ಒಳಗೇ ನಿಂತಿತು. ಹಿಂದಿನ ಬಾಗಿಲು ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಹಾಳೆ ಫ್ಯೂಸರ್ ರೋಲರ್‌ಗೆ, ಅಂದರೆ ಬಿಸಿಯಾಗಿ ಅಚ್ಚನ್ನು ಹಾಳೆಗೆ ಹಿಡಿಸುವ ಉರುಳೆಗೆ, ಸುತ್ತಿಕೊಂಡಿತ್ತು. ಮೆಲ್ಲಗೆ ಎಳೆದೆ. ಕಾಗದ ಕೈಗೆ ಬಂತು, ಹೊಳಪಿನ ಪದರ ರೋಲರ್ ಮೇಲೇ ಉಳಿಯಿತು, ಆಲೆಮನೆ ಕೊಪ್ಪರಿಗೆಯ ಅಂಚಿಗೆ ಪಾಕ ಹಿಡಿದ ಹಾಗೆ. ಆಮೇಲೆ ಯಾವ ಹಾಳೆ ಹಾಕಿದರೂ ಕಲೆಯೇ. ಫ್ಯೂಸರ್ ಬದಲಿಸಲು 7,800 ರೂಪಾಯಿ ಆಯಿತು. ಪತ್ರಿಕೆಗಳನ್ನು ಬೇರೆ ಅಂಗಡಿಯಲ್ಲಿ ರಾತ್ರಿ ಕೂತು ಮಾಡಿಸಿದೆ. ಅಷ್ಟರಲ್ಲಿ ಹುಡುಗಿಯ ತಂದೆ ಮೂರು ಸಲ ಬಂದು ಬರಿಗೈಲಿ ಹೋಗಿದ್ದರು.

ನಿಮ್ಮ ಕೌಂಟರಿಗೆ ಫೋನ್ ಮಾಡಿದರೆ, ‘ಗ್ಲಾಸಿ ಅಂದ್ರೆ ಎಲ್ಲಾ ಒಂದೇ ಅಲ್ವಾ ಮೇಡಂ’ ಎಂದರು. ಒಂದೇ ಅಲ್ಲ. ಇಂಕ್‌ಜೆಟ್ ಹಾಳೆಯ ಮೇಲ್ಪದರ ಇರುವುದು ಒದ್ದೆ ಶಾಯಿ ಹೀರಿಕೊಳ್ಳಲು. ಲೇಸರ್‌ನಲ್ಲಿ ಒದ್ದೆ ಶಾಯಿಯೇ ಇಲ್ಲ. ಟೋನರ್ ಪುಡಿಯನ್ನು 200 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಕರಗಿಸಿ ಹಾಳೆಗೆ ಒತ್ತುತ್ತದೆ. ಆ ಬಿಸಿಗೆ ನೀವು ಕಳಿಸಿದ್ದು ತಡೆಯಲಿಲ್ಲ. ಉಳಿದ ಹಾಳೆಗೆ ಒದ್ದೆ ಬೆರಳು ಒತ್ತಿ ನೋಡಿದೆ, ಹೊಳಪಿನ ಕಡೆ ಅಂಟಿಕೊಂಡಿತು. ಹಿಂಬದಿ ಬರೀ ಕಾಗದ. ಇದು ಇಂಕ್‌ಜೆಟ್ ಫೋಟೋ ಹಾಳೆಯೇ.

ಅದೇ ಲೋಡಿನಲ್ಲಿ ಬಂದ 80 ಜಿಎಸ್‌ಎಂನ ಹತ್ತು ರೀಮ್‌ನಲ್ಲಿ ನಾಲ್ಕರ ಕವರ್ ಹರಿದಿದೆ. ತಳಕ್ಕೆ ಸಿಮೆಂಟ್ ಧೂಳು ಮೆತ್ತಿದೆ, ಅಂಚು ಅಲೆಅಲೆಯಾಗಿದೆ. ಮುಟ್ಟಿದರೆ ಮೆತ್ತಗಾದ ಹಪ್ಪಳದ ಹಾಗಿದೆ. ಪ್ರಿಂಟ್ ತೆಗೆದರೆ ಸುರುಳಿ ಸುತ್ತುತ್ತದೆ, ಅಕ್ಷರ ಉಜ್ಜಿದರೆ ಉದುರುತ್ತದೆ. ರೀಮ್ ಕವರ್ ಸುಮ್ನೆ ಅಂದಕ್ಕೆ ಇರುವುದಲ್ಲ, ತೇವ ತಡೆಯಲಿಕ್ಕೆ ಇರುವುದು. ಇಷ್ಟು ಚಿಕ್ಕ ಅಂಗಡಿಯಲ್ಲೂ ನಾನು ಹಲಗೆ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ, ಮಟ್ಟಸವಾಗಿ ಮಲಗಿಸಿ ಇಡುತ್ತೇನೆ. ಒಡೆದ ರೀಮನ್ನು ಅದರ ಕವರಿಗೇ ಹಾಕಿ ಟೇಪ್ ಅಂಟಿಸುತ್ತೇನೆ. ಮಳೆಗಾಲದಲ್ಲಿ ಗೋಡೌನ್ ನೆಲದ ಮೇಲೆ ಪೇಪರ್ ಇಡಬಾರದು ಎಂದು ನಿಮಗೆ ನಾನು ಹೇಳಬೇಕೇ?

ಗ್ಲಾಸಿ ಹಾಳೆಯ ಹಣ ವಾಪಸ್ ಕೊಡಿ. ನಾಲ್ಕು ರೀಮ್ ಬದಲಿಸಿಕೊಡಿ. ಫ್ಯೂಸರ್ ಖರ್ಚು ಭರಿಸಿ. ಬಿಲ್ಲುಗಳ ನಕಲು, ರೋಲರ್‌ನ ಫೋಟೋ, ಅಂಟಿದ ಹಾಳೆಯ ತುಂಡು ಇದರ ಜೊತೆ ಇಟ್ಟಿದ್ದೇನೆ. ಇನ್ನು ಮುಂದೆ ನನಗೆ ಬಿಡಿ ಬಂಡಲ್ ಬೇಡ, ಕಂಪನಿ ಸೀಲ್ ಇರುವ ಪ್ಯಾಕ್ ಮಾತ್ರ ಕಳಿಸಿ.

ಹದಿನೈದು ದಿನ ಕಾಯುತ್ತೇನೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಸಾಮಾನು ಕೊಂಡವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. ಉತ್ತರ ಬಾರದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕಳು